ಪಿಯುಸಿಗೆ ಮ್ಯಾಥ್ಸ್ ಕೊಡಿಸೋದಾ, ಬೇಡ್ವಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆಯಿಂದ ಪಿಯು ಪ್ರವೇಶ ಮುಗಿಯುವ ತನಕ ನನ್ನ ಫೋನಿಗೆ ಪುರುಸೊತ್ತಿಲ್ಲ. ಹಳೆಯ ವಿದ್ಯಾರ್ಥಿಗಳು, ಅವರ ಅಕ್ಕ-ಭಾವಂದಿರು, ಹಾಲಿನ ಡೇರಿಯಲ್ಲಿ ಸಿಗುವವರು, ಮದುವೆ ಊಟಕ್ಕೆ ಪಕ್ಕದ ಎಲೆಗೆ ಕೂತವರು, ಎಲ್ಲರೂ ಕೇಳುವುದು ಒಂದೇ: "ಸರ್, ನಮ್ಮ ಹುಡುಗಿಗೆ ಮ್ಯಾಥ್ಸ್ ಕೊಡಿಸೋದಾ, ಬೇಡ್ವಾ?" ನಾನು ಪಿಯು ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವವನು. ಲೆಕ್ಕದ ಮೇಷ್ಟ್ರು ಲೆಕ್ಕ ಬೇಡ ಅನ್ನುವುದುಂಟೇ ಎಂಬ ಧೈರ್ಯದಲ್ಲೇ ಹೆಚ್ಚಿನವರು ಕೇಳುತ್ತಾರೆ. ಮನೆಯಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಮಗುವಿನ ಎದುರು ನನ್ನ ಬಾಯಿಂದ ಒಂದು ಸಲ ಹೇಳಿಸಬೇಕು, ಅಷ್ಟೆ. ಹಾಗಾಗಿ ನಾನು ಕೆಲವರಿಗೆ "ಬೇಡ, ಬಿಡಲಿ" ಎಂದಾಗ ಆ ಕಡೆ ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ಅಲ್ಲ ಸರ್, ನೀವೇ ಹೀಗಂದ್ರೆ..."

ನಮ್ಮಲ್ಲಿ ಹನ್ನೆರಡನೆಯ ತರಗತಿಯ ಗಣಿತದ ಹಣೆಬರಹ ಹತ್ತನೆಯದು ಮುಗಿದ ಬೇಸಿಗೆಯಲ್ಲೇ ಬರೆದುಹೋಗುತ್ತದೆ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಪ್ರಥಮ ಪಿಯುಸಿಯಲ್ಲಿ ಹಿಡಿದ ನಾಲ್ಕನ್ನೇ ದ್ವಿತೀಯಕ್ಕೂ ಕೊಂಡೊಯ್ಯಬೇಕು. ಮಧ್ಯದಲ್ಲಿ ಬದಲಿಸುವುದು ಅಷ್ಟು ಸುಲಭವಲ್ಲ. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ), ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್), ಕಲಾ ವಿಭಾಗದ ಎಚ್‌ಇಪಿಎಸ್, ಕಾಮರ್ಸಿನ ಎಚ್‌ಇಬಿಎ ಅಂತ ಪ್ರವೇಶದ ಅರ್ಜಿಯಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿದರೆ ಮುಗಿಯಿತು. ಗುರುತು ಹಾಕುವ ಮಗುವಿಗೆ ಹದಿನಾರು. ಎಷ್ಟೋ ಸಲ ಪೆನ್ನು ಅಪ್ಪನ ಕೈಯಲ್ಲಿರುತ್ತದೆ.

ಇದನ್ನು ಆಯ್ಕೆ ಎಂದು ಕರೆಯುವುದೂ ಎಲ್ಲ ಕಡೆಗೂ ಹೊಂದುವುದಿಲ್ಲ. ಬೆಂಗಳೂರು, ಮೈಸೂರಿನ ಕೆಲವು ಕಾಲೇಜುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಜೊತೆ ಗಣಿತದ ಬದಲು ಮನಃಶಾಸ್ತ್ರವೋ ಗೃಹವಿಜ್ಞಾನವೋ ಸಿಗುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಸೈನ್ಸ್ ಅಂದರೆ ಸಾಮಾನ್ಯವಾಗಿ ಪಿಸಿಎಂಬಿ, ಹೆಚ್ಚೆಂದರೆ ಪಕ್ಕದಲ್ಲೊಂದು ಪಿಸಿಎಂಸಿ. ಅಲ್ಲಿ ಗಣಿತ ಬಿಡುವುದೆಂದರೆ ವಿಜ್ಞಾನವನ್ನೇ ಬಿಡುವುದು. ತೋಟದಲ್ಲಿ ಕಂಡ ಹುಳ, ಹೂವು, ಅಣಬೆಯನ್ನೆಲ್ಲ ತಂದು ತೋರಿಸುವ ಹುಡುಗಿಗೆ ಸಸ್ಯಶಾಸ್ತ್ರ ಓದಬೇಕೆಂದಿದ್ದರೆ ಅವಳು ನನ್ನ ತರಗತಿಯಲ್ಲೂ ಎರಡು ವರ್ಷ ಕೂರಲೇಬೇಕು. ಕೂರುವುದು ಬೇಡವೆಂದರೆ ಕಲಾ ವಿಭಾಗಕ್ಕೆ ಹೋಗಬೇಕು, ಇಲ್ಲವೇ ದಿನಾ ಬಸ್ಸು ಹತ್ತಿ ದೂರದ ಊರಿಗೆ. ಬಸ್ಸಿನ ವಿಷಯ ಬಂದಾಗ ಹುಡುಗಿಯರ ಮನೆಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ಅಂಕದ ವಿಚಾರ. ಫೋನ್ ಮಾಡುವವರು ಮೊದಲು ಹೇಳುವುದೇ ಅದನ್ನು. "ಮ್ಯಾಥ್ಸಲ್ಲಿ ತೊಂಬತ್ತಾರು ಸರ್" ಅಂದರೆ ಗಣಿತ ಖಚಿತ, "ಐವತ್ತೆಂಟು" ಅಂದರೆ ಬೇಡ. ನನಗೆ ಈ ಎರಡು ಅಂಕಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎಸ್ಸೆಸ್ಸೆಲ್ಸಿ ಗಣಿತಕ್ಕೆ ಬರೆಯುವ ಪರೀಕ್ಷೆ 80, ಆಂತರಿಕ ಮೌಲ್ಯಮಾಪನ 20. ಬಹಳ ವರ್ಷ ನಡೆದ ವಿನ್ಯಾಸದಲ್ಲಿ ಪತ್ರಿಕೆಯಲ್ಲಿ 38 ಪ್ರಶ್ನೆ. ಯಾವ ಅಧ್ಯಾಯದಿಂದ ಎಷ್ಟು ಅಂಕ ಬರುತ್ತದೆ ಎಂದು ಪ್ರೌಢಶಾಲೆಯ ಮೇಷ್ಟ್ರುಗಳು ಕಣ್ಣು ಮುಚ್ಚಿ ಹೇಳುತ್ತಾರೆ. ಥೇಲ್ಸ್ ಪ್ರಮೇಯ ಬಾಯಿಪಾಠ, ಓಜೀವ್ ನಕ್ಷೆ ಕೈಗೆ ರೂಢಿ, ರೇಖಾತ್ಮಕ ಸಮೀಕರಣದ ಗ್ರಾಫು ಗ್ಯಾರಂಟಿ. ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ಇದನ್ನೆಲ್ಲ ನಾಲ್ಕು ಹಾಳೆಗೆ ಇಳಿಸಿ ಹಂಚುವ ಶಾಲೆಗಳಿವೆ. ನಾನು ಅದನ್ನು ಹಳಿಯುವುದಿಲ್ಲ. ಹತ್ತನೆಯದು ಪಾಸಾಗದೆ ಮನೆಯಲ್ಲಿ ಕೂರಬೇಕಾದ ಮಗುವಿಗೆ ಆ ನಾಲ್ಕು ಹಾಳೆ ಎಷ್ಟು ದೊಡ್ಡದೆಂದು ನೋಡಿದ್ದೇನೆ. ಆದರೆ ಆ ಹಾಳೆಯಿಂದ ಬಂದ ಅಂಕವನ್ನು ಹಿಡಿದು ಮುಂದಿನ ಎರಡು ವರ್ಷ ನಿರ್ಧರಿಸಬಾರದು.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ಎಸ್ಸೆಸ್ಸೆಲ್ಸಿ ಶೇಕಡಾವಾರು 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 20ಕ್ಕೆ ಏರಿಸಿದ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಆದರೂ ಆ ವರ್ಷ ಕಡಿಮೆ ಅಂಕ ತಂದ ಮಗುವಿಗೂ ಹಿಂದಿನ ವರ್ಷ ಹೆಚ್ಚು ತಂದ ಅದರ ಅಣ್ಣನಿಗೂ ಮನೆಯಲ್ಲಿ ಹೋಲಿಕೆ ನಡೆದೇ ನಡೆಯಿತು. ಅಣ್ಣ ಪಿಸಿಎಂಬಿಗೆ, ತಮ್ಮ ಕಾಮರ್ಸಿಗೆ.

ಪಿಯುಸಿ ಗಣಿತದ ಸ್ವಭಾವವೇ ಬೇರೆ. ಮೊದಲ ತಿಂಗಳು ಗಣಗಳು, ಸಂಬಂಧಗಳು, ಉತ್ಪನ್ನಗಳು (ಫಂಕ್ಷನ್). ಇಲ್ಲಿ ಉತ್ತರ ತೆಗೆಯುವುದಕ್ಕಿಂತ ಹೇಳಿದ್ದನ್ನು ಸರಿಯಾಗಿ ಓದುವುದೇ ಕೆಲಸ. ಆಮೇಲೆ ತ್ರಿಕೋನಮಿತಿ ಬಂದು, ಹತ್ತನೆಯಲ್ಲಿ ಲಂಬಕೋನ ತ್ರಿಭುಜದೊಳಗೆ ಸುಮ್ಮನೆ ಕೂತಿದ್ದ ಸೈನ್-ಕಾಸ್‌ಗಳು ವೃತ್ತದ ಸುತ್ತ ಓಡಲು ಶುರುಮಾಡುತ್ತವೆ. ವರ್ಷದ ಕೊನೆಗೆ ಮಿತಿ ಮತ್ತು ಅವಕಲನ (ಡಿಫರೆನ್ಷಿಯೇಶನ್). ದ್ವಿತೀಯದಲ್ಲಿ ಪುಸ್ತಕದ ಹೆಚ್ಚುಪಾಲು ಕ್ಯಾಲ್ಕುಲಸ್ಸೇ, ಜೊತೆಗೆ ಮಾತೃಕೆ, ಸದಿಶ, ಸಂಭವನೀಯತೆ. 2012-13ರಲ್ಲಿ ಪ್ರಥಮಕ್ಕೆ, ಮರುವರ್ಷ ದ್ವಿತೀಯಕ್ಕೆ ಎನ್‌ಸಿಇಆರ್‌ಟಿ ಪುಸ್ತಕ ಬಂದ ಮೇಲೆ ಹತ್ತನೆಯದಕ್ಕೂ ಪಿಯುಸಿಗೂ ನಡುವಿನ ಕಂದಕ ಕೆಲವು ವರ್ಷ ಇನ್ನೂ ಅಗಲವಾಗಿತ್ತು. ಪ್ರೌಢಶಾಲೆಯ ಪುಸ್ತಕಗಳನ್ನೂ ಅದೇ ಮಾದರಿಗೆ ತಂದ ಮೇಲೆ ಅಷ್ಟಿಷ್ಟು ಮುಚ್ಚಿದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ಪಿಯು ವಿಜ್ಞಾನ ಇಂಗ್ಲಿಷಿನಲ್ಲಿ. ಹತ್ತನೆಯಲ್ಲಿ ಮೇಷ್ಟ್ರ ಬಾಯಿಂದ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ನಮ್ಮಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ನಾಲ್ಕೋ ಐದೋ ಬರುತ್ತದೆ. ನನಗೆ ಗಣಿತ ಬರೋದಿಲ್ಲ ಎಂದು ತನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡುಬಿಡುತ್ತಾಳೆ. ಉತ್ತರ ಪತ್ರಿಕೆ ತೆಗೆದು ನೋಡಿದರೆ ಲೆಕ್ಕ ಎಲ್ಲೂ ತಪ್ಪಿರುವುದಿಲ್ಲ. ಪ್ರಶ್ನೆಯ ಎರಡನೆಯ ವಾಕ್ಯ ಅರ್ಥವಾಗದೆ ಪೆನ್ನು ಅಲ್ಲಿಗೇ ನಿಂತಿರುತ್ತದೆ. ಅದೇ ಪ್ರಶ್ನೆಯನ್ನು ಸ್ಟಾಫ್ ರೂಮಿನಲ್ಲಿ ಕನ್ನಡದಲ್ಲಿ ಕೇಳಿದರೆ ನಿಂತ ನಿಲುವಿನಲ್ಲೇ ಮಾಡಿ ತೋರಿಸುತ್ತಾಳೆ. ಇಂಥವರಿಗೆ ನಾನು ಹೇಳುವುದು ಇಷ್ಟೆ: ದೀಪಾವಳಿ ತನಕ ನಿನ್ನ ಬಗ್ಗೆ ಏನೂ ನಿರ್ಧಾರ ಮಾಡಬೇಡ. ದೀಪಾವಳಿಯ ಹೊತ್ತಿಗೆ ಅರ್ಧಕ್ಕರ್ಧ ಮಕ್ಕಳು ಮುಂದಿನ ಬೆಂಚಿಗೆ ಬಂದಿರುತ್ತಾರೆ. ಉಳಿದರ್ಧ? ಕೆಲವರು ಕಾಲೇಜನ್ನೇ ಬಿಟ್ಟಿರುತ್ತಾರೆ. ಅದರ ಹೊಣೆಯನ್ನು ಗಣಿತದ ತಲೆಗೆ ಕಟ್ಟುವುದು ಸುಲಭ.

ಅಂಕ ನೋಡಬಾರದು ಅಂದರೆ ಮತ್ತೇನು ನೋಡಬೇಕು ಎಂದು ಕೇಳುತ್ತಾರೆ. ನನ್ನ ಹತ್ತಿರ ಒಂದು ಪ್ರಶ್ನೆಯಿದೆ. ಮಗುವನ್ನು ಕರೆದುಕೊಂಡು ಬಂದವರಿಗೆಲ್ಲ ಅದನ್ನೇ ಕೊಡುತ್ತೇನೆ. ಎರಡು ಬೆಸ ಸಂಖ್ಯೆ ತಗೋ. ಎರಡನ್ನೂ ವರ್ಗ ಮಾಡಿ ಕೂಡು. ಬಂದ ಮೊತ್ತ ಯಾವಾಗಲಾದರೂ ಪೂರ್ಣ ವರ್ಗ ಆಗುತ್ತದಾ? ಹತ್ತನೆಯ ತರಗತಿಯ ಸರಕು ಸಾಕು, ಅದಕ್ಕಿಂತ ಹೆಚ್ಚಿನದೇನೂ ಬೇಡ. ಈಗಲೇ ಹೇಳಬೇಕಿಲ್ಲ, ಮನೆಗೆ ಹೋಗಿ ನೋಡು ಅನ್ನುತ್ತೇನೆ.

ಕೆಲವರು ತಕ್ಷಣ "ಆಗುತ್ತೆ ಸರ್, ಪೈಥಾಗೊರಸ್, ಮೂರು ನಾಲ್ಕು ಐದು" ಅನ್ನುತ್ತಾರೆ. ಒಂದು ಕ್ಷಣ ಬಿಟ್ಟರೆ ಅವರೇ ನಾಲಿಗೆ ಕಚ್ಚಿಕೊಳ್ಳುತ್ತಾರೆ: ನಾಲ್ಕು ಬೆಸ ಅಲ್ಲವಲ್ಲ. ಕೆಲವರು "ಇದಕ್ಕೆ ಯಾವ ಸೂತ್ರ ಸರ್?" ಅನ್ನುತ್ತಾರೆ. ಇನ್ನು ಕೆಲವರು ಅಪ್ಪನ ಮುಖ ನೋಡುತ್ತಾರೆ. ಅಪ್ಪ ನನ್ನ ಮುಖ ನೋಡುತ್ತಾರೆ, ಈ ಮನುಷ್ಯನಿಗೆ ಪ್ರವೇಶದ ಹೊತ್ತಿನಲ್ಲಿ ಇದೇನು ಹುಚ್ಚು ಅನ್ನುವಂತೆ.

ಒಬ್ಬ ಹುಡುಗ ಮರುದಿನ ಒಬ್ಬನೇ ಬಂದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಅರವತ್ತರ ಆಸುಪಾಸು. ಕೈಯಲ್ಲಿ ಅಂಗಡಿಯ ಬಿಲ್ಲಿನ ಹಿಂಬದಿ ತುಂಬ ಅಂಕಿಗಳು: 1 ಮತ್ತು 9 ಕೂಡಿ 10, 9 ಮತ್ತು 25 ಕೂಡಿ 34, 25 ಮತ್ತು 49 ಕೂಡಿ 74. 1 ಮತ್ತು 49ರ ಹತ್ತಿರ ಬಂದು 50 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. "ಇನ್ನೇನು ಸಿಕ್ಕೇಬಿಡ್ತು ಅನ್ಕೊಂಡೆ ಸರ್, ಒಂದರಲ್ಲಿ ತಪ್ಪಿತು" ಅಂದ. ಆಮೇಲೆ, "ಆದ್ರೆ ಒಂದು ವಿಷಯ ಸರ್, ಯಾವ ಉತ್ತರಾನ ಅರ್ಧ ಮಾಡಿದ್ರೂ ಬೆಸ ಸಂಖ್ಯೇನೇ ಬರ್ತಿದೆ. 5, 17, 37, 25. ಅದ್ಯಾಕೆ?"

ಸಾಧನೆ, ಅಂದರೆ ಪ್ರೂಫ್, ಅವನಿಗೆ ಸಿಕ್ಕಿರಲಿಲ್ಲ. ಆದರೆ ಅದರ ಬಾಗಿಲಿಗೆ ಬಂದು ನಿಂತಿದ್ದ. ಬೆಸ ಸಂಖ್ಯೆಯ ವರ್ಗವನ್ನು ನಾಲ್ಕರಿಂದ ಭಾಗಿಸಿದರೆ ಯಾವಾಗಲೂ ಒಂದು ಉಳಿಯುತ್ತದೆ. ಅಂಥ ಎರಡು ವರ್ಗ ಕೂಡಿದರೆ ಎರಡು ಉಳಿಯುತ್ತದೆ, ಮೊತ್ತ ಸಮ ಸಂಖ್ಯೆ. ಸಮ ಸಂಖ್ಯೆಯ ವರ್ಗವೋ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಹಾಗಾಗಿ ಎಷ್ಟೇ ದೂರ ಹುಡುಕಿದರೂ ಸಿಗುವುದಿಲ್ಲ. ಇದನ್ನು ನಾನು ಹೇಳಿದಾಗ ಅವನಿಗೆ ಬೇಜಾರಾಯಿತು. ತಾನೇ ಕಂಡುಹಿಡಿಯಬೇಕೆಂದಿದ್ದವನಿಗೆ ಮೇಷ್ಟ್ರು ಅವಸರ ಮಾಡಿದ ಬೇಜಾರು. ಅವರಪ್ಪನಿಗೆ ಫೋನ್ ಮಾಡಿ ಗಣಿತ ಕೊಡಿಸಿ ಎಂದೆ. ಅರವತ್ತು ಬಂದವನಿಗೆ ಕೊಡಿಸಿ ಅಂತೀರಿ, ಮೊನ್ನೆ ತೊಂಬತ್ತೆಂಟು ಬಂದವಳಿಗೆ ಯೋಚಿಸಿ ಅಂದಿರಂತೆ ಎಂದು ಅವರು ತರಾಟೆಗೆ ತಗೊಂಡರು. ಊರು ಚಿಕ್ಕದು, ಸುದ್ದಿ ಬೇಗ ಹರಡುತ್ತದೆ.

ಆ ತೊಂಬತ್ತೆಂಟರ ಹುಡುಗಿ ಜಾಣೆಯೇ. ಪ್ರಶ್ನೆ ಕೊಟ್ಟಾಗ ನೋಟ್ ಪುಸ್ತಕ ತೆರೆದು ಉತ್ತರ ಬರೆದುಕೊಳ್ಳಲು ಸಿದ್ಧಳಾಗಿ ಕೂತಳು. ಮನೆಯಲ್ಲಿ ಯೋಚಿಸು ಅಂದರೆ, "ಯೂಟ್ಯೂಬಲ್ಲಿ ಇದ್ಯಾ ಸರ್?" ಎಂದು ವಿನಯದಿಂದಲೇ ಕೇಳಿದಳು. ಅವಳಿಗೆ ಅದರಲ್ಲಿ ಕುತೂಹಲ ಹುಟ್ಟಲಿಲ್ಲ, ಅದು ತಪ್ಪೂ ಅಲ್ಲ. ಅದೇ ಹುಡುಗಿ ಅಜ್ಜಿಯ ಸಕ್ಕರೆ ಕಾಯಿಲೆ, ಇನ್ಸುಲಿನ್ ಎಷ್ಟು ಹೊತ್ತಿಗೆ ಯಾಕೆ ಎಂಬುದನ್ನೆಲ್ಲ ನನಗೆ ಹತ್ತು ನಿಮಿಷ ವಿವರಿಸಿದಳು. ಅವಳಿಗೆ ಗಣಿತ ಬರುವುದಿಲ್ಲವೆಂದು ನಾನೆಲ್ಲೂ ಹೇಳಲಿಲ್ಲ. ಬೇಕೇ ಎಂದು ಕೇಳಿದೆ. ಬರುವುದು ಬೇರೆ, ಬೇಕಾಗಿರುವುದು ಬೇರೆ. ನಮ್ಮ ಮನೆಗಳಲ್ಲಿ ಇವೆರಡನ್ನೂ ಒಂದೇ ಎಂದು ಹಿಡಿಯುತ್ತಾರೆ. ಬರುತ್ತದೆಯಾದರೆ ತಗೊಳ್ಳಲೇಬೇಕು, ಬಿಟ್ಟರೆ ಬರುವುದಿಲ್ಲವೆಂದು ಅರ್ಥ. ಮಗು ಬುದ್ಧಿವಂತ ಎಂದು ಊರಿಗೆ ತೋರಿಸಲು ಗಣಿತ ತಗೊಳ್ಳುವವರೇ ನನ್ನ ತರಗತಿಯಲ್ಲಿ ಕಾಲುಭಾಗ ಇದ್ದಾರೆಂದು ನನ್ನ ಅಂದಾಜು.

"ಇರಲಿ ಸರ್, ಸೇಫ್ಟಿಗೆ." ಇದು ಎರಡನೆಯ ಮಾತು. ನೀಟ್ ಬರೆದು ಮೆಡಿಕಲ್ ಸಿಗದಿದ್ದರೆ ಎಂಜಿನಿಯರಿಂಗಾದರೂ ಇರಲಿ ಎಂದು ಪಿಸಿಎಂಬಿ. ಗಣಿತವನ್ನು ವಿಮೆಯ ಪಾಲಿಸಿಯಂತೆ ತಗೊಳ್ಳುತ್ತಾರೆ, ಕಂತು ಎಷ್ಟೆಂದು ಮಾತ್ರ ಯಾರೂ ಕೇಳುವುದಿಲ್ಲ. ನೀಟ್ 720 ಅಂಕದಲ್ಲಿ ಅರ್ಧ ಜೀವಶಾಸ್ತ್ರದ್ದು, ಉಳಿದರ್ಧ ಭೌತ ಮತ್ತು ರಸಾಯನಶಾಸ್ತ್ರದ್ದು, ಗಣಿತದ್ದು ಸೊನ್ನೆ. ನಮ್ಮ ಸಿಇಟಿಯಲ್ಲಿ ಎಂಜಿನಿಯರಿಂಗಿಗೆ ಭೌತ, ರಸಾಯನ, ಗಣಿತ ತಲಾ 60 ಪ್ರಶ್ನೆ, ಪ್ರತಿ ವಿಷಯಕ್ಕೂ 80 ನಿಮಿಷ. ರ‍್ಯಾಂಕಿಗೆ ಪಿಯುಸಿಯ ಅಂಕವನ್ನೂ ಅರ್ಧಕ್ಕೆ ಸೇರಿಸುತ್ತಾರೆ. ಎರಡಕ್ಕೂ ಓದುವ ಮಗು ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡಬೇಕು? ಅದರ ಮೇಲೆ ದ್ವಿತೀಯ ಪಿಯುಸಿಯಲ್ಲಿ ಆರಕ್ಕೆ ಆರೂ ಪಾಸಾಗಬೇಕು. ನೀಟ್‌ಗೆಂದು ಗಣಿತವನ್ನು ಮೂಲೆಗಿಟ್ಟು, ಏಪ್ರಿಲ್‌ನಲ್ಲಿ ಅದೊಂದೇ ವಿಷಯದಲ್ಲಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದಾದ್ದರಿಂದ ವರ್ಷವೇನೂ ಹಾಳಾಗುವುದಿಲ್ಲ. ಮೇ ತಿಂಗಳು ಮಾತ್ರ ಪೂರ್ತಿ ಹಾಳು.

ಹೀಗೆಂದ ಮಾತ್ರಕ್ಕೆ, ಗಣಿತ ಬಿಟ್ಟರೆ ಗಣಿತ ತಪ್ಪಿತು ಎಂದುಕೊಳ್ಳುವವರನ್ನು ಕಂಡರೂ ನನಗೆ ನಗು. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಚಲನೆಯ ಪಾಠ ಶುರುವಾಗುವುದೇ ಅವಕಲನದಿಂದ. ತಮಾಷೆಯೆಂದರೆ ನನ್ನ ಪುಸ್ತಕದಲ್ಲಿ ಅವಕಲನ ಬರುವುದು ಕೊನೆಯ ಮೂರು ಅಧ್ಯಾಯಗಳಲ್ಲಿ ಒಂದಾಗಿ. ಜುಲೈನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು "ನೀವಿನ್ನೂ ಅಲ್ಲಿಗೆ ಬಂದಿಲ್ವಾ?" ಅನ್ನುತ್ತಾರೆ, ನಾನು "ಜನವರಿ" ಅನ್ನುತ್ತೇನೆ. ಪ್ರತಿ ವರ್ಷ ಇದೇ ಸಂಭಾಷಣೆ. ಕೊನೆಗೆ ಅವರೇ ಎರಡು ಪೀರಿಯಡ್ಡಿನಲ್ಲಿ ಅವಕಲನವನ್ನು ಒಪ್ಪವಾಗಿ ಹೇಳಿಕೊಡುತ್ತಾರೆ. ನನ್ನ ವಿಷಯ ತಗೊಂಡವರೂ ತಗೊಳ್ಳದವರೂ ಅದನ್ನು ಕಲಿತೇ ಮುಂದೆ ಹೋಗಬೇಕು. ರಸಾಯನಶಾಸ್ತ್ರದಲ್ಲಿ ಪಿಎಚ್ ಲೆಕ್ಕಕ್ಕೆ ಲಾಗ್, ಮೊದಲ ದರ್ಜೆಯ ಕ್ರಿಯೆಗೆ 2.303 ಬೈ ಟಿ ಲಾಗ್. ಆ ಕ್ರಿಯೆಯ ಅರ್ಧಾಯುಷ್ಯಕ್ಕೆ 0.693. ಇದನ್ನೆಲ್ಲ ಗಣಿತವಿಲ್ಲದ ಸೈನ್ಸ್ ಅನ್ನುವುದು ಹೇಗೆ? ಬಿಡುವವರು ಬಿಡುವುದು ಗಣಿತದ ಪತ್ರಿಕೆಯನ್ನು ಮಾತ್ರ.

ಆಚೆ ಕಡೆ, ಪತ್ರಿಕೆ ಇಲ್ಲದಿದ್ದರೆ ನಿಜಕ್ಕೂ ಮುಚ್ಚುವ ದಾರಿಗಳಿವೆ. ಅವನ್ನು ಮುಚ್ಚಿಡುವುದು ಸರಿಯಲ್ಲ. ಎಂಜಿನಿಯರಿಂಗ್ ಎಲ್ಲರಿಗೂ ಗೊತ್ತು. 2021ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೆಲವು ಕೋರ್ಸುಗಳ ಪ್ರವೇಶಕ್ಕೆ ಪಿಯುಸಿ ಗಣಿತ ಕಡ್ಡಾಯವಲ್ಲ ಎಂಬಂತೆ ಹೇಳಿ ದೊಡ್ಡ ಗದ್ದಲವಾಯಿತು. ಗಣಿತ ಓದದೆ ಒಳಗೆ ಹೋದವನಿಗೂ ಮೊದಲ ಸೆಮಿಸ್ಟರಿನಲ್ಲೇ ಎಂ-1, ಅಂದರೆ ಗಣಿತದ ಮೊದಲ ಪತ್ರಿಕೆ, ಕಾದಿರುತ್ತದೆ. ವಿಟಿಯುವಿನ ಎಂಜಿನಿಯರಿಂಗ್ ಹುಡುಗರನ್ನು ಕೇಳಿ, ಎಂ-3 ಬ್ಯಾಕ್ (ಫೇಲಾಗಿ ಉಳಿದ ಪತ್ರಿಕೆ) ಅಂದರೇನೆಂದು ಹೇಳುತ್ತಾರೆ. ವಾಸ್ತುಶಿಲ್ಪದ ಬಿ.ಆರ್ಕ್‌ಗೆ ನಾಟಾ ಪ್ರವೇಶ ಪರೀಕ್ಷೆ ಬರೆಯುವವರಿಗೆ ಚಿತ್ರ ಬಿಡಿಸುವ ಕೈಯಿದ್ದರೆ ಸಾಕು ಎಂದು ಬಹಳ ಮನೆಗಳಲ್ಲಿ ತಿಳಿದಿದ್ದಾರೆ, ಗಣಿತವೂ ಬೇಕು. ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಭೌತಶಾಸ್ತ್ರ, ಗಣಿತ ಎರಡೂ ಬೇಕೆಂಬ ನಿಯಮ ಬಹಳ ಹಳೆಯದು. ಕಾಮರ್ಸ್ ಓದಿ ಆಮೇಲೆ ವಿಮಾನದ ಆಸೆ ಹುಟ್ಟಿದವರು ಮುಕ್ತ ಶಾಲೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಈ ಎರಡು ವಿಷಯ ಬರೆದು ಬಂದ ಉದಾಹರಣೆಗಳು ಬೇಕಾದಷ್ಟಿವೆ. ಮುಚ್ಚಿದ ಬಾಗಿಲಿಗೂ ಹಿತ್ತಿಲ ಕಡೆಯಿಂದ ಒಂದು ದಾರಿ ಇದೆ, ಸ್ವಲ್ಪ ಸುತ್ತು.

ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎ ಬಗ್ಗೆ ಈಗ ಹುಡುಗಿಯರೂ ಕೇಳುತ್ತಾರೆ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಅವರಿಗೂ ಅವಕಾಶವಾಯಿತಲ್ಲ. ಭೂಸೇನೆಗೆ ಪಿಯುಸಿಯಲ್ಲಿ ಯಾವ ವಿಷಯವಾದರೂ ಆಗುತ್ತದೆ. ನೌಕಾಪಡೆ, ವಾಯುಪಡೆಗೆ ಗಣಿತ ಬೇಕು. ಆದರೆ ಪ್ರವೇಶ ಪರೀಕ್ಷೆ ಮೂವರಿಗೂ ಒಂದೇ, ಅದರಲ್ಲಿ ಗಣಿತದ ಪತ್ರಿಕೆಯೇ 300 ಅಂಕದ್ದು. ಕಲಾ ವಿಭಾಗದಿಂದ ಭೂಸೇನೆಗೆ ಹೋಗಬಹುದು ಎಂಬ ಅರ್ಧ ಸತ್ಯ ನಂಬಿ ಬಂದವರಿಗೆ ಇನ್ನರ್ಧವನ್ನು ನಾನು ಹೇಳಬೇಕಾಗುತ್ತದೆ.

ಕಾಮರ್ಸಿನವರದು ಇನ್ನೊಂದು ಗೊಂದಲ. ಸಿಎಗೆ ಯಾವ ವಿಭಾಗದಿಂದಲೂ ಹೋಗಬಹುದು. ಆದರೆ ಅದರ ಮೊದಲ ಹಂತವಾದ ಸಿಎ ಫೌಂಡೇಶನ್‌ನ ಮೂರನೆಯ ಪತ್ರಿಕೆಯ 100 ಅಂಕದಲ್ಲಿ ವ್ಯವಹಾರ ಗಣಿತ 40, ಸಂಖ್ಯಾಶಾಸ್ತ್ರ 40, ತಾರ್ಕಿಕ ಪ್ರಶ್ನೆಗಳು 20. ಪ್ರತಿ ಪತ್ರಿಕೆಯಲ್ಲೂ 40 ಬರಲೇಬೇಕು, ಈ ಪತ್ರಿಕೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಲೆಕ್ಕಕ್ಕೆ ಹೆದರಿ ಇತಿಹಾಸ ಸೇರಿದ ಎಚ್‌ಇಬಿಎ ಹಿಡಿದವರು ಇಲ್ಲಿ ಏದುಸಿರು ಬಿಡುತ್ತಾರೆ; ಬೇಸಿಕ್ ಮ್ಯಾಥ್ಸೋ ಸಂಖ್ಯಾಶಾಸ್ತ್ರವೋ ಇರುವ ಸಂಯೋಜನೆ ತಗೊಂಡವರಿಗೆ ಅಷ್ಟು ಕಷ್ಟವಿಲ್ಲ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡನೆಯಲ್ಲಿ ಗಣಿತ ಇರಲೇಬೇಕು. ಅರ್ಥಶಾಸ್ತ್ರವೆಂದರೆ ಆರ್ಟ್ಸ್ ಎಂದುಕೊಂಡಿರುವ ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಬ್ಯಾಂಕ್ ಪರೀಕ್ಷೆ, ಯುಪಿಎಸ್‌ಸಿ ಪ್ರಾಥಮಿಕ ಪರೀಕ್ಷೆಯ ಸಿಸ್ಯಾಟ್ ಪತ್ರಿಕೆ, ಇವಕ್ಕೆಲ್ಲ ಗಣಿತ ಬೇಕಲ್ಲ ಎಂದು ಪಿಯುಸಿ ಗಣಿತ ಹಿಡಿಸುವವರಿದ್ದಾರೆ. ಅಲ್ಲಿ ಕೇಳುವುದು ಶೇಕಡಾವಾರು, ಅನುಪಾತ, ವೇಗ-ಕಾಲ, ಕೋಷ್ಟಕ ನೋಡಿ ಹೇಳುವುದು. ಸಿಸ್ಯಾಟ್‌ನ ಗಣಿತವೇ ಹತ್ತನೆಯ ಮಟ್ಟದ್ದು, ಶೇಕಡಾ 33 ಬಂದರೆ ಅರ್ಹತೆ. ಅದನ್ನು ಎಂಟು-ಒಂಬತ್ತನೆಯ ತರಗತಿಯಲ್ಲಿ ನೆಟ್ಟಗೆ ಕಲಿತಿದ್ದರೆ ಸಾಕು. ಅನುಕಲನದ (ಇಂಟಿಗ್ರೇಷನ್) ಸೂತ್ರ ಗೊತ್ತಿದ್ದವನಿಗೆ ಚಕ್ರಬಡ್ಡಿ ಬೇಗ ಬರುತ್ತದೆಂಬುದು ಭ್ರಮೆ. ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸಿದ ಹುಡುಗರು ಶೇಕಡಾ 18 ಜಿಎಸ್‌ಟಿ ಸೇರಿದ ಬೆಲೆಯಿಂದ ಮೂಲ ಬೆಲೆ ತೆಗೆಯುವಾಗ 18 ಪರ್ಸೆಂಟ್ ಕಳೆದುಬಿಡುವುದನ್ನು ಕಂಡಿದ್ದೇನೆ. ಎಲ್ಲರ ಬದುಕಿಗೂ ಬೇಕಾದ ಗಣಿತ ಹತ್ತನೆಯದರೊಳಗೇ ಮುಗಿಯುತ್ತದೆ. ನನ್ನ ತರಗತಿಯದು ಕೆಲವು ಕೆಲಸಗಳಿಗೆ ಅನಿವಾರ್ಯ, ಕೆಲವರಿಗೆ ಸುಖ, ಉಳಿದವರಿಗೆ ಎರಡು ವರ್ಷದ ಕಾರಾಗೃಹ.

ಇದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ. ನಮ್ಮ ಕಾರ್ಯಭಾರ ಮಕ್ಕಳ ತಲೆಯ ಮೇಲೆ ನಿಂತಿದೆ. ಗಣಿತ ತಗೊಂಡವರು ಕಡಿಮೆಯಾದರೆ ಒಂದು ಸೆಕ್ಷನ್ ಕಡಿಮೆ; ಸೆಕ್ಷನ್ ಕಡಿಮೆಯಾದರೆ ಅತಿಥಿ ಉಪನ್ಯಾಸಕರೊಬ್ಬರ ಅನ್ನ ಹೋಗುತ್ತದೆ, ಇಲ್ಲವೇ ಕಾಯಂ ಇದ್ದವರಿಗೆ ಬೇರೆ ಊರಿಗೆ ನಿಯೋಜನೆ. "ನೀವು ಹೀಗೇ ಹೇಳ್ತಾ ಹೋದ್ರೆ ನಮಗೆಲ್ಲ ಟ್ರಾನ್ಸ್‌ಫರ್ರೇ ಗತಿ" ಎಂದು ಸಹೋದ್ಯೋಗಿಯೊಬ್ಬರು ನಗುತ್ತಲೇ ಅಂದರು, ಪೂರ್ತಿ ನಗುವಾಗಿರಲಿಲ್ಲ. ಗಣಿತ ಮೇಷ್ಟ್ರ ಸಲಹೆಯನ್ನು ಕೇಳುವವರಿಗೆ ಈ ಹಿನ್ನೆಲೆಯೂ ಗೊತ್ತಿರಲಿ.

ನನ್ನ ತಂಗಿ ಇರುವುದು ಬೆಂಗಳೂರಿನಲ್ಲಿ, ಮಗಳು ಓದಿದ್ದು ಸಿಬಿಎಸ್‌ಇ. ಅಲ್ಲಿ 2020ರ ಪರೀಕ್ಷೆಯಿಂದ ಹತ್ತನೆಯ ಗಣಿತದಲ್ಲೇ ಎರಡು ಬಗೆ: ಸ್ಟ್ಯಾಂಡರ್ಡ್, ಬೇಸಿಕ್. ಪುಸ್ತಕ ಒಂದೇ, ಪಾಠ ಒಂದೇ, ಪ್ರಶ್ನೆ ಪತ್ರಿಕೆಯ ಬಿಗಿ ಮಾತ್ರ ಬೇರೆ. ಬೇಸಿಕ್ ಬರೆದವರಿಗೆ ಹನ್ನೊಂದರಲ್ಲಿ ಗಣಿತ ಇಲ್ಲ ಎಂಬುದು ಮೂಲ ನಿಯಮ. ಕೋವಿಡ್ ಕಾಲದಲ್ಲಿ ಅದನ್ನು ಸಡಿಲಿಸಿದ್ದೂ ಉಂಟು. ಬೇಸಿಕ್‌ನವರಿಗೆಂದು ಅಪ್ಲೈಡ್ ಮ್ಯಾಥ್ಸ್ ಎಂಬ ಇನ್ನೊಂದು ವಿಷಯದ ಬಾಗಿಲು ತೆರೆದಿಟ್ಟಿದ್ದಾರೆ. ಅದರಲ್ಲಿ ಹಣಕಾಸಿನ ಲೆಕ್ಕ, ಸಂಖ್ಯಾಶಾಸ್ತ್ರ ಹೆಚ್ಚು. ಅಂದರೆ ಅಲ್ಲಿ ತೀರ್ಮಾನ ಹದಿನಾರಕ್ಕೂ ಮೊದಲೇ, ಹದಿನೈದಕ್ಕೇ. ಮಗಳು ಬೇಸಿಕ್ ಬರೆದಳು. ಭಾವನಿಗೆ ಆಮೇಲೆ ಅರ್ಥಶಾಸ್ತ್ರದ ಆಸೆ ಹುಟ್ಟಿತು. ಮಗಳಿಗೆ ಮನಃಶಾಸ್ತ್ರದ್ದು.

ತಂಗಿ ನನಗೆ ಫೋನ್ ಮಾಡಿ, "ನೀನೇ ಹೇಳು, ಅವಳು ನಿನ್ನ ಮಾತು ಕೇಳ್ತಾಳೆ" ಅಂದಳು. ನಾನು ಹೋದೆ. ಹುಡುಗಿಗೆ ಬೆಸ ಸಂಖ್ಯೆಯ ಪ್ರಶ್ನೆ ಕೊಡಲಿಲ್ಲ, ಅದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಸಂಖ್ಯಾಶಾಸ್ತ್ರವಿಲ್ಲದೆ ಮನಃಶಾಸ್ತ್ರ ಇಲ್ಲ, ಡಿಗ್ರಿಯಲ್ಲಿ ಸರಾಸರಿ, ವಿಚಲನೆ, ಸಹಸಂಬಂಧ ಎಲ್ಲ ಬರುತ್ತದೆ, ಅದು ಗೊತ್ತಿದೆಯಾ ಎಂದು ಕೇಳಿದೆ. ಗೊತ್ತಿದೆ, ಸಿಲಬಸ್ ನೋಡಿದ್ದೇನೆ ಅಂದಳು. ಅಪ್ಲೈಡ್ ತಗೊಂಡರೆ ಅದಕ್ಕೆ ಸಹಾಯವಾಗುತ್ತದಲ್ಲ ಅಂದೆ. ಆಗುತ್ತೆ ಮಾವ, ಆದರೆ ಅದರ ಜಾಗದಲ್ಲಿ ಸಮಾಜಶಾಸ್ತ್ರ ಹೋಗುತ್ತೆ, ನಮ್ಮ ಶಾಲೆಯಲ್ಲಿ ಎರಡೂ ಒಂದೇ ಬ್ಲಾಕ್ ಅಂದಳು. 2020ರ ಶಿಕ್ಷಣ ನೀತಿಯಲ್ಲಿ ಕಲೆ-ವಿಜ್ಞಾನದ ನಡುವೆ ಗೋಡೆ ಇರಬಾರದು ಅಂತ ಬರೆದಿದ್ದಾರೆ, ಶಾಲೆಯ ಟೈಮ್‌ಟೇಬಲ್ ಬರೆಯುವವರಿಗೆ ಗೋಡೆ ಬೇಕೇ ಬೇಕು. ಅವಳು ಸಮಾಜಶಾಸ್ತ್ರ ತಗೊಂಡಳು. ನನಗೆ ಅಪ್ಲೈಡ್ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಎರಡೂ ಕಡೆಯ ಬೆಲೆ ಕೇಳಿ ತಿಳಿದುಕೊಂಡು ಬಿಟ್ಟವಳು ಅವಳು, ಹೆದರಿ ಬಿಟ್ಟವಳಲ್ಲ. ತಂಗಿ ಮಾತ್ರ "ಲೆಕ್ಕದ ಮೇಷ್ಟ್ರ ಸೋದರಸೊಸೆ ಲೆಕ್ಕ ಬಿಟ್ಟಳು" ಎಂದು ಬಂದವರ ಎದುರೆಲ್ಲ ಆಡಿಕೊಳ್ಳುತ್ತಾಳೆ.

ಈ ವರ್ಷವೂ ಫಲಿತಾಂಶ ಬರುತ್ತದೆ, ಫೋನುಗಳೂ ಬರುತ್ತವೆ. ಒಂದೇ ಕೋರಿಕೆ: ಮಾತಾಡುವಾಗ ಫೋನನ್ನು ಮಗುವಿನ ಕೈಗೆ ಕೊಡಿ, ನೀವು ಪಕ್ಕದ ಕೋಣೆಯಲ್ಲಿರಿ. ಅಂಕ ಹೇಳಬೇಕಿಲ್ಲ. ಸಂಜೆ ಏಳರ ಮೇಲೆ ಮಾಡಿ, ಅದಕ್ಕೆ ಮೊದಲು ನಾನು ಪ್ರವೇಶದ ಕೌಂಟರಿನಲ್ಲಿರುತ್ತೇನೆ, ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.